ಹೃದಯದ ನಾಳಗಳನ್ನು ಕಣ್ಣಿಗೆ ಕಾಣಿಸಿದ ವೈದ್ಯ: ಡಾ. ಮೇಸನ್ ಸೋನ್ಸ್

ನಮ್ಮ ಊರಿನ ಮನೆಗಳಲ್ಲಿ ಹಿರಿಯರ ಬಾಯಿಂದ ಇತ್ತೀಚೆಗೆ ಆಗಾಗ ಕೇಳಿಬರುವ ಒಂದು ಮಾತೆಂದರೆ ಆಂಜಿಯೋಗ್ರಾಂ. ಎದೆನೋವೆಂದು ಮಂಗಳೂರಿನ ಆಸ್ಪತ್ರೆಗೆ ಹೋದವರು ಒಂದೆರಡು ದಿನಗಳಲ್ಲಿ ಮರಳಿ ಬಂದು, ಹೃದಯದ ನಾಳದಲ್ಲಿ ಎರಡು ಕಡೆ ತಡೆ ಇದೆಯಂತೆ, ಚಿತ್ರದಲ್ಲಿ ಸ್ಪಷ್ಟವಾಗಿ ಕಂಡಿತಂತೆ ಎಂದು ಹೇಳುವುದನ್ನು ನಾವೆಲ್ಲ ಕೇಳಿದ್ದೇವೆ. ಎದೆಯನ್ನು ಕೊಯ್ಯದೆ, ಮಿಡಿಯುತ್ತಿರುವ ಹೃದಯದ ಮೈಮೇಲಿರುವ ಸಪೂರ ನಾಳಗಳನ್ನು ಪರದೆಯ ಮೇಲೆ ಕಾಣುವುದು ಹೇಗೆ ಸಾಧ್ಯವಾಯಿತು? ಅದನ್ನು ಮೊದಲು ಕಂಡವರು ಯಾರು? ಪರೀಕ್ಷೆ ಮಾಡಿಸಿಕೊಂಡವರಲ್ಲಿ ಬಹಳ ಮಂದಿಗೆ ಆ ಹೆಸರು ಗೊತ್ತಿಲ್ಲ. ಆತ ಅಮೆರಿಕದ ಡಾ. ಮೇಸನ್ ಸೋನ್ಸ್ ಎಂಬ ವೈದ್ಯ. ಆ ಮಹನೀಯರ ಬಾಳಿನ ಕಥೆಯನ್ನು ನಮ್ಮ ವಿದ್ಯಾರ್ಥಿಗಳೂ ಅವರ ತಂದೆತಾಯಿಗಳೂ ತಿಳಿದಿರಬೇಕೆಂಬ ಉದ್ದೇಶದಿಂದ ಈ ಲೇಖನವನ್ನು ಬರೆಯುತ್ತಿದ್ದೇನೆ.

ಮೊದಲು ಹೃದಯದ ವಿಷಯವನ್ನು ಸ್ವಲ್ಪ ನೆನಪು ಮಾಡಿಕೊಳ್ಳೋಣ. ಹೃದಯವು ದೇಹಕ್ಕೆಲ್ಲ ರಕ್ತವನ್ನು ಒದಗಿಸುವ ಪಂಪು ಎಂಬುದನ್ನು ನೀವು ಪಾಠಪುಸ್ತಕದಲ್ಲಿ ಓದಿದ್ದೀರಿ. ಒಂದು ನಿಮಿಷಕ್ಕೆ ಸುಮಾರು 70 ಸಲದಂತೆ ದಿನವೊಂದಕ್ಕೆ ಸುಮಾರು ಒಂದು ಲಕ್ಷ ಸಲ ಅದು ಮಿಡಿಯುತ್ತದೆ. ಇಷ್ಟೊಂದು ದುಡಿಯುವ ಮಾಂಸಖಂಡಕ್ಕೆ ತನ್ನದೇ ಆದ ಆಹಾರವೂ ಆಮ್ಲಜನಕವೂ ಬೇಕು. ಹೃದಯದ ಕೋಣೆಗಳಲ್ಲಿ ಸದಾ ರಕ್ತ ತುಂಬಿರುತ್ತದೆಯಲ್ಲ, ಅದರಿಂದಲೇ ಅದಕ್ಕೆ ಪೋಷಣೆ ದೊರೆಯುತ್ತದೆಯೆಂದು ಯಾರಾದರೂ ಭಾವಿಸಿದರೆ ಅದು ತಪ್ಪು. ಊರಿಗೆಲ್ಲ ಬಡಿಸುವ ಅಡಿಗೆಯವನಿಗೂ ಊಟಕ್ಕೆ ತನ್ನದೇ ಎಲೆ ಬೇಕಷ್ಟೆ. ಹೃದಯದಿಂದ ಹೊರಡುವ ಮಹಾಪಧಮನಿಯ ಬುಡದಲ್ಲೇ ಎರಡು ಚಿಕ್ಕ ಕವಲುಗಳು ಒಡೆಯುತ್ತವೆ. ಒಂದು ಬಲಕ್ಕೆ, ಇನ್ನೊಂದು ಎಡಕ್ಕೆ. ಎಡದ ಕವಲು ಮುಂದೆ ಎರಡಾಗುತ್ತದೆ. ಇವು ಹೃದಯವನ್ನು ಕಿರೀಟದಂತೆ ಸುತ್ತುವರಿದಿರುವುದರಿಂದ ಇವನ್ನು ಕಿರೀಟಧಮನಿಗಳು ಎನ್ನಬಹುದು. ಕೊರೊನರಿ ಎಂಬ ಹೆಸರಿಗೂ ಲ್ಯಾಟಿನ್ ಭಾಷೆಯಲ್ಲಿ ಕಿರೀಟ ಎಂಬ ಅರ್ಥದ ಪದವೇ ಮೂಲ. ಇವುಗಳ ಅಗಲ ಕೆಲವೇ ಮಿಲಿಮೀಟರು. ಈ ನಾಳಗಳ ಒಳಗೋಡೆಯಲ್ಲಿ ಕೊಬ್ಬು ಸೇರಿ ದಾರಿ ಕಿರಿದಾದರೆ ನಡೆಯುವಾಗ, ಏರು ಹತ್ತುವಾಗ ಎದೆ ಹಿಂಡಿದಂತಾಗುತ್ತದೆ. ಅಲ್ಲಿ ರಕ್ತ ಹೆಪ್ಪುಗಟ್ಟಿ ದಾರಿ ಪೂರ್ಣವಾಗಿ ಮುಚ್ಚಿಹೋದರೆ ಆ ನಾಳವನ್ನೇ ನಂಬಿರುವ ಮಾಂಸಖಂಡ ಸಾಯತೊಡಗುತ್ತದೆ. ಇದೇ ಹೃದಯಾಘಾತ.

ಇಂದಿಗೆ ಸುಮಾರು ಎಪ್ಪತ್ತು ವರ್ಷಗಳ ಹಿಂದೆ ವೈದ್ಯರಿಗೆ ಈ ಕಾಯಿಲೆಯ ಕಾರಣ ತಿಳಿದಿತ್ತು. ಆದರೆ ಬದುಕಿರುವ ರೋಗಿಯಲ್ಲಿ ಯಾವ ನಾಳ ಎಲ್ಲಿ ಎಷ್ಟು ಕಿರಿದಾಗಿದೆ ಎಂಬುದನ್ನು ತಿಳಿಯುವ ದಾರಿ ಇರಲಿಲ್ಲ. ರೋಗಿ ಹೇಳುವ ಲಕ್ಷಣ, ಸ್ಟೆತಾಸ್ಕೋಪು, ಹೃದಯದ ವಿದ್ಯುತ್ ಅಲೆಗಳನ್ನು ಕಾಗದದ ಮೇಲೆ ಬರೆಯುವ ಇ.ಸಿ.ಜಿ. ಯಂತ್ರ, ಇವುಗಳಿಂದ ಊಹಿಸಬೇಕಾಗಿತ್ತು. ನಾಳವನ್ನು ಕಣ್ಣಾರೆ ಕಾಣುವುದು ಮರಣಾನಂತರದ ಶವಪರೀಕ್ಷೆಯಲ್ಲಿ ಮಾತ್ರ. ಕಂಡದ್ದರಿಂದ ಆ ರೋಗಿಗೆ ಪ್ರಯೋಜನವೇನು? ಎಲ್ಲಿ ತಡೆ ಇದೆ ಎಂದು ತಿಳಿಯದೆ ಶಸ್ತ್ರಚಿಕಿತ್ಸಕನೂ ಕೈಕಟ್ಟಿ ನಿಲ್ಲಬೇಕಾಗಿತ್ತು.

ಕ್ಷ-ಕಿರಣಗಳಿಂದ ಎಲುಬು ಕಾಣುತ್ತದೆ. ಆದರೆ ರಕ್ತನಾಳ ಕಾಣುವುದಿಲ್ಲ. ಕ್ಷ-ಕಿರಣಗಳನ್ನು ತಡೆಯುವ ಅಯೊಡಿನ್ ಬೆರೆತ ದ್ರವವನ್ನು ನಾಳದೊಳಗೆ ಹಾಯಿಸಿದರೆ ಆ ನಾಳದ ಆಕಾರ ನೆರಳಿನಂತೆ ಮೂಡುತ್ತದೆ. ಇದನ್ನೇ ಆಸ್ಪತ್ರೆಗಳಲ್ಲಿ ಡೈ ಎನ್ನುತ್ತಾರೆ. ದ್ರವವನ್ನು ಹೃದಯದವರೆಗೆ ಕೊಂಡೊಯ್ಯಲು ಸಪೂರವಾದ ಕೊಳವೆ ಬೇಕು. ಅದುವೇ ಕ್ಯಾಥೆಟರ್. ಜರ್ಮನಿಯ ವರ್ನರ್ ಫೋರ್ಸ್‌ಮನ್ ಎಂಬ ತರುಣ ವೈದ್ಯನು 1929ರಲ್ಲಿ ತನ್ನದೇ ತೋಳಿನ ರಕ್ತನಾಳದ ಮೂಲಕ ಇಂತಹ ಕೊಳವೆಯನ್ನು ತನ್ನ ಹೃದಯದವರೆಗೆ ತೂರಿಸಿ, ಕ್ಷ-ಕಿರಣದ ಕೋಣೆಗೆ ನಡೆದುಹೋಗಿ ಚಿತ್ರ ತೆಗೆಸಿಕೊಂಡಿದ್ದನು. ಅಮೆರಿಕದಲ್ಲಿ ಆಂದ್ರೆ ಕೂರ್ನಾಂಡ್ ಮತ್ತು ಡಿಕಿನ್ಸನ್ ರಿಚರ್ಡ್ಸ್ ಎಂಬವರು ಆ ವಿಧಾನವನ್ನು ಬೆಳೆಸಿದರು. ಈ ಮೂವರಿಗೂ 1956ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು. ಹೀಗೆ ಹೃದಯದ ಕೋಣೆಗಳಿಗೆ ದಾರಿ ತೆರೆದಿತ್ತು. ಆದರೆ ಹೃದಯವನ್ನು ಸಾಕುವ ಕಿರೀಟಧಮನಿಗಳ ಬಾಗಿಲು ಮಾತ್ರ ಮುಚ್ಚಿಯೇ ಇತ್ತು.

ಅದಕ್ಕೆ ಕಾರಣ ಭಯ. ಕಿರೀಟಧಮನಿಯೊಳಕ್ಕೆ ನೇರವಾಗಿ ಡೈ ಹೋದರೆ ಆ ಕ್ಷಣ ಹೃದಯಕ್ಕೆ ಆಮ್ಲಜನಕವಿಲ್ಲದಂತಾಗಿ, ಅದು ತಾಳತಪ್ಪಿ ಅದುರಿ, ರೋಗಿ ಸಾಯುವುದು ಖಂಡಿತವೆಂದು ಎಲ್ಲರೂ ನಂಬಿದ್ದರು. ಆದುದರಿಂದ ಮಹಾಪಧಮನಿಯ ಬುಡದಲ್ಲಿ ಒಮ್ಮೆಗೇ ಹೆಚ್ಚು ಡೈಯನ್ನು ಸುರಿದು, ಅದರಲ್ಲಿ ಸ್ವಲ್ಪವಾದರೂ ಕಿರೀಟಧಮನಿಗಳಿಗೆ ಹರಿಯಲಿ ಎಂದು ಕಾಯುತ್ತಿದ್ದರು. ಚಿತ್ರ ಮಸುಕಾಗಿರುತ್ತಿತ್ತು. ಕೆಲವರು ಔಷಧ ಕೊಟ್ಟು ಹೃದಯವನ್ನೇ ಕೆಲವು ಕ್ಷಣ ನಿಲ್ಲಿಸಿ ಚಿತ್ರ ತೆಗೆಯುವ ಸಾಹಸವನ್ನೂ ಮಾಡಿದರು. ಇವು ಯಾವುವೂ ದಿನನಿತ್ಯದ ಚಿಕಿತ್ಸೆಗೆ ಒದಗುವ ಉಪಾಯಗಳಾಗಿರಲಿಲ್ಲ.

ಫ್ರಾಂಕ್ ಮೇಸನ್ ಸೋನ್ಸ್ ಅವರು ಹುಟ್ಟಿದ್ದು 1918ನೆಯ ಇಸವಿ ಅಕ್ಟೋಬರ್ 28ರಂದು, ಅಮೆರಿಕದ ದಕ್ಷಿಣ ಭಾಗದ ಮಿಸಿಸಿಪ್ಪಿ ಸಂಸ್ಥಾನದ ನಾಕ್ಸಪೇಟರ್ ಎಂಬ ಸಣ್ಣ ಊರಿನಲ್ಲಿ. ವೆಸ್ಟರ್ನ್ ಮೇರಿಲೆಂಡ್ ಕಾಲೇಜಿನಲ್ಲಿ ಓದಿ, ಮೇರಿಲೆಂಡ್ ವಿಶ್ವವಿದ್ಯಾನಿಲಯದಿಂದ 1943ರಲ್ಲಿ ವೈದ್ಯ ಪದವಿಯನ್ನು ಪಡೆದರು. ಅದು ಎರಡನೆಯ ಮಹಾಯುದ್ಧದ ಕಾಲ. ಸೈನ್ಯದ ವಾಯುದಳದಲ್ಲಿ ಸೇವೆ ಸಲ್ಲಿಸಿದ ಬಳಿಕ ಡೆಟ್ರಾಯಿಟ್ ನಗರದ ಹೆನ್ರಿ ಫೋರ್ಡ್ ಆಸ್ಪತ್ರೆಯಲ್ಲಿ ಹೆಚ್ಚಿನ ತರಬೇತಿ ಪಡೆದರು. 1950ರಲ್ಲಿ ಓಹಾಯೋ ಸಂಸ್ಥಾನದ ಕ್ಲೀವ್‌ಲ್ಯಾಂಡ್ ಕ್ಲಿನಿಕ್ ಎಂಬ ಆಸ್ಪತ್ರೆಯನ್ನು ಸೇರಿದರು. ಮುಂದಿನ ಅವರ ಬಾಳೆಲ್ಲ ಅಲ್ಲಿಯೇ ಕಳೆಯಿತು.

ಆರಂಭದಲ್ಲಿ ಸೋನ್ಸ್ ಅವರ ಕೆಲಸ ಮುಖ್ಯವಾಗಿ ಮಕ್ಕಳ ಹೃದ್ರೋಗಗಳದ್ದು. ಹುಟ್ಟುವಾಗಲೇ ಹೃದಯದ ಗೋಡೆಯಲ್ಲಿ ತೂತು ಇರುವ ಮಕ್ಕಳು, ರುಮ್ಯಾಟಿಕ್ ಜ್ವರದಿಂದ ಹೃದಯದ ಕವಾಟ ಕೆಟ್ಟ ತರುಣರು ಅವರ ಬಳಿಗೆ ಬರುತ್ತಿದ್ದರು. ಕೊಳವೆಯನ್ನು ತೂರಿಸಿ, ಡೈ ಹಾಯಿಸಿ, ಯಾವ ದೋಷ ಎಲ್ಲಿದೆಯೆಂದು ಶಸ್ತ್ರಚಿಕಿತ್ಸಕರಿಗೆ ತಿಳಿಸುವುದು ಅವರ ಹೊಣೆ. ಆಗಿನ ಕ್ಷ-ಕಿರಣ ಬಿಂಬ ಬಹಳ ಮಂಕು. ಒಂದೊಂದೇ ಚಿತ್ರ ತೆಗೆದರೆ ಓಡುತ್ತಿರುವ ಹೃದಯದ ಚಲನೆ ಸಿಗದು. ಆದುದರಿಂದ ಸೋನ್ಸ್ ಅವರು ಬಿಂಬವನ್ನು ಬೆಳಗಿಸುವ ಹೊಸ ಉಪಕರಣವನ್ನೂ ಸಿನಿಮಾ ಕ್ಯಾಮರಾವನ್ನೂ ಜೋಡಿಸಿ, ಹೃದಯ ಮಿಡಿಯುವುದನ್ನು ಚಲನಚಿತ್ರವಾಗಿಯೇ ಹಿಡಿಯಲು ತೊಡಗಿದರು. ಆ ಉಪಕರಣ ಭಾರಿ ಗಾತ್ರದ್ದು. ನೆಲಮಾಳಿಗೆಯಲ್ಲಿದ್ದ ತಮ್ಮ ಪ್ರಯೋಗಶಾಲೆಯಲ್ಲಿ ರೋಗಿಯ ಮೇಜಿನ ಕೆಳಗೆ ಅವರು ಒಂದು ಹೊಂಡವನ್ನೇ ತೋಡಿಸಿದರು. ಮೇಲೆ ಮೇಜಿನ ಮೇಲೆ ರೋಗಿ, ಕೆಳಗೆ ಹೊಂಡದಲ್ಲಿ ಬಿಂಬವನ್ನು ನೋಡುತ್ತಾ ನಿಂತ ಸೋನ್ಸ್. ಕೆಲಸ ನಡೆಯುತ್ತಿದ್ದುದು ಹೀಗೆ. ವೈದ್ಯನಾದವನಿಗೆ ಯಂತ್ರದ ಗೊಡವೆ ಏಕೆ ಎಂದು ಅವರು ಎಣಿಸಲಿಲ್ಲ. ಯಂತ್ರ ಸರಿಯಿಲ್ಲದಿದ್ದರೆ ಕಣ್ಣು ಕುರುಡೆಂದು ಅವರಿಗೆ ಗೊತ್ತಿತ್ತು.

1958ರ ಅಕ್ಟೋಬರ್ 30. ಸೋನ್ಸ್ ಅವರಿಗೆ ನಲ್ವತ್ತು ತುಂಬಿ ಎರಡೇ ದಿನಗಳಾಗಿದ್ದವು. ಆ ದಿನ ಮೇಜಿನ ಮೇಲೆ ಇದ್ದವನು ರುಮ್ಯಾಟಿಕ್ ಜ್ವರದಿಂದ ಕವಾಟಗಳು ಕೆಟ್ಟಿದ್ದ 26 ವರ್ಷದ ತರುಣ. ಮಹಾಪಧಮನಿಯ ಬುಡದಲ್ಲಿ ಡೈ ಬಿಟ್ಟು, ಕವಾಟ ಎಷ್ಟು ಸೋರುತ್ತಿದೆ ಎಂದು ನೋಡಬೇಕಾಗಿತ್ತು. ಸೋನ್ಸ್ ಹೊಂಡದಲ್ಲಿದ್ದರು. ಮೇಲೆ ಅವರ ಸಹಾಯಕ ವೈದ್ಯರು ಕೊಳವೆಯ ಬಳಿ ಇದ್ದರು. ಕೊಳವೆಯ ತುದಿ ಸರಿಯಾದ ಜಾಗದಲ್ಲಿದೆ ಎಂದೇ ತೋರಿತು. ಸುಮಾರು 40 ಮಿಲಿಲೀಟರು ಡೈಯನ್ನು ಒತ್ತಡದಿಂದ ಬಿಡುವ ಏರ್ಪಾಡಾಗಿತ್ತು. ಡೈ ಹರಿಯತೊಡಗಿತು. ಬಿಂಬವನ್ನು ನೋಡುತ್ತಿದ್ದ ಸೋನ್ಸ್ ಅವರ ಎದೆ ಝಲ್ಲೆಂದಿತು. ಮಹಾಪಧಮನಿ ತುಂಬುವ ಬದಲು, ಬಲ ಕಿರೀಟಧಮನಿಯೇ ಬುಡದಿಂದ ತುದಿಯವರೆಗೆ ಕಪ್ಪಾಗಿ ತುಂಬಿಕೊಳ್ಳುತ್ತಿತ್ತು! ಕೊಳವೆಯ ತುದಿ ಯಾರಿಗೂ ತಿಳಿಯದಂತೆ ಸರಿದು ಆ ನಾಳದ ಬಾಯಿಯೊಳಕ್ಕೆ ಹೊಕ್ಕಿತ್ತು. ಕೊಳವೆಯನ್ನು ಹೊರಕ್ಕೆ ಎಳೆಯಿರೆಂದು ಅವರು ಕೂಗಿಕೊಂಡರು. ಎಳೆಯುವಷ್ಟರಲ್ಲಿ ಸುಮಾರು 30 ಮಿಲಿಲೀಟರು ಡೈ ಆ ಸಣ್ಣ ನಾಳದೊಳಕ್ಕೆ ಹೋಗಿಯಾಗಿತ್ತು.

ಹೃದಯ ನಿಂತಿತು. ಇ.ಸಿ.ಜಿ.ಯ ಗೆರೆ ನೇರವಾಯಿತು. ಇಂದಾದರೆ ಎದೆಯನ್ನು ಕೈಯಿಂದ ಒತ್ತಿ ಹೃದಯವನ್ನು ನಡೆಸುವ ಕ್ರಮ ಶಾಲಾ ಮಕ್ಕಳಿಗೂ ಗೊತ್ತು. ಆದರೆ ಆ ಕ್ರಮ ವೈದ್ಯಲೋಕಕ್ಕೆ ಪರಿಚಯವಾದದ್ದು 1960ರಲ್ಲಿ. 1958ರಲ್ಲಿ ಹೃದಯ ನಿಂತರೆ ಎದೆಯನ್ನು ಕೊಯ್ದು, ಕೈಹಾಕಿ ಹಿಂಡುವುದೇ ಗತಿ. ಸೋನ್ಸ್ ಅವರು ಹೊಂಡದಿಂದ ಹತ್ತಿ ಮೇಲೆ ಓಡಿಬಂದರು. ಶಸ್ತ್ರಕ್ಕೆ ಕೈಹಾಕಿದರು. ಆಗ ಇ.ಸಿ.ಜಿ.ಯನ್ನು ಮತ್ತೊಮ್ಮೆ ನೋಡಿದರು. ಎಲ್ಲರೂ ಹೆದರಿದ್ದಂತೆ ಹೃದಯ ತಾಳತಪ್ಪಿ ಅದುರುತ್ತಿರಲಿಲ್ಲ, ಸುಮ್ಮನೆ ನಿಂತಿತ್ತು. ರೋಗಿಗೆ ಇನ್ನೂ ಎಚ್ಚರವಿತ್ತು. ಆ ಕ್ಷಣದಲ್ಲಿ ಅವರಿಗೆ ಒಂದು ವಿಚಾರ ಹೊಳೆಯಿತು. ಜೋರಾಗಿ ಕೆಮ್ಮಿದರೆ ಎದೆಯೊಳಗಿನ ಒತ್ತಡ ಏರುತ್ತದೆ. ಆ ಒತ್ತಡ ಮಹಾಪಧಮನಿಯ ರಕ್ತವನ್ನು ಕಿರೀಟಧಮನಿಗಳಿಗೆ ನೂಕಿ, ಅಲ್ಲಿ ನಿಂತಿರುವ ಡೈಯನ್ನು ತೊಳೆದು ಹಾಕಬಹುದು. ಅವರು ತರುಣನಿಗೆ ಕೆಮ್ಮಲು ಹೇಳಿದರು. ಅವನು ಮೂರು ನಾಲ್ಕು ಸಲ ಬಲವಾಗಿ ಕೆಮ್ಮಿದನು. ಹೃದಯ ಮತ್ತೆ ಮಿಡಿಯತೊಡಗಿತು. ಕೆಲವೇ ಸೆಕೆಂಡುಗಳಲ್ಲಿ ನಡೆದ ಈ ಘಟನೆಯಿಂದ ಆ ತರುಣನಿಗೆ ಯಾವ ಹಾನಿಯೂ ಆಗಲಿಲ್ಲ.

ವಿದ್ಯಾರ್ಥಿಗಳೇ, ಇಲ್ಲಿ ಸ್ವಲ್ಪ ನಿಂತು ಯೋಚಿಸಿರಿ. ಇದು ಅಚಾತುರ್ಯ. ಒಬ್ಬ ಮನುಷ್ಯನ ಪ್ರಾಣವೇ ಹೋಗಬಹುದಾಗಿದ್ದ ತಪ್ಪು. ಬೇರೆಯವರಾಗಿದ್ದರೆ ದೇವರು ದೊಡ್ಡವನೆಂದು ನಿಟ್ಟುಸಿರು ಬಿಟ್ಟು, ಈ ಸಂಗತಿಯನ್ನು ಯಾರಿಗೂ ಹೇಳದೆ, ಇನ್ನು ಮುಂದೆ ಕೊಳವೆ ಅತ್ತ ಸುಳಿಯದಂತೆ ಎಚ್ಚರ ವಹಿಸುತ್ತಿದ್ದರು. ಸೋನ್ಸ್ ಅವರೂ ನಡುಗಿದ್ದರು. ಆದರೆ ನಡುಕ ಇಳಿದ ಬಳಿಕ ಅವರು ಆ ಘಟನೆಯನ್ನು ಇನ್ನೊಂದು ಬಗೆಯಿಂದ ನೋಡಿದರು. ಮೂವತ್ತು ಮಿಲಿಲೀಟರಿನಷ್ಟು ಡೈ ನಾಳದೊಳಗೆ ಹೋದರೂ ಈತ ಬದುಕಿದನು. ಹಾಗಾದರೆ ಕೆಲವೇ ಮಿಲಿಲೀಟರು ಡೈಯನ್ನು, ಬೇಕೆಂದೇ, ಎಚ್ಚರಿಕೆಯಿಂದ ಬಿಟ್ಟರೆ ಅಪಾಯ ಬಹಳ ಕಡಿಮೆಯಾಗಿರಬೇಕಲ್ಲವೆ? ಸಿನಿಮಾ ಕ್ಯಾಮರಾ ಓಡುತ್ತಿದ್ದುದರಿಂದ ಆ ನಾಳದ ಚಿತ್ರವೂ ಕೈಯಲ್ಲಿತ್ತು. ಅದುವರೆಗೆ ಯಾರೂ ಕಾಣದಷ್ಟು ಸ್ಪಷ್ಟವಾಗಿ, ಕವಲು ಕವಲಾಗಿ ಅದು ಕಾಣುತ್ತಿತ್ತು. ಎಲ್ಲರೂ ಅಸಾಧ್ಯವೆಂದು ನಂಬಿದ್ದ ಮಾತು ಹುಸಿಯೆಂದು ಆ ಚಿತ್ರವೇ ಸಾರುತ್ತಿತ್ತು.

ಆದರೆ ಒಂದು ಆಕಸ್ಮಿಕದಿಂದ ವಿಧಾನವೊಂದು ಹುಟ್ಟುವುದಿಲ್ಲ. ಅದಕ್ಕೆ ವರ್ಷಗಳ ದುಡಿಮೆ ಬೇಕು. ಕಿರೀಟಧಮನಿಯ ಬಾಯಿಯನ್ನು ಹುಡುಕಿ ಒಳಹೋಗಬಲ್ಲ, ಆದರೆ ಅದನ್ನು ಗಾಯಗೊಳಿಸದ ಕೊಳವೆ ಬೇಕಾಗಿತ್ತು. ಸೋನ್ಸ್ ಅವರು ತುದಿ ಸಪೂರವಾಗುತ್ತಾ ಹೋಗುವ, ಮೆತ್ತಗೆ ಬಾಗಬಲ್ಲ ಕೊಳವೆಯನ್ನು ರೂಪಿಸಿದರು. ಅದು ಇಂದಿಗೂ ಅವರ ಹೆಸರಿನಿಂದಲೇ ಪ್ರಸಿದ್ಧ. ಮೊಣಕೈಯ ಬಳಿ ಚರ್ಮವನ್ನು ಸ್ವಲ್ಪ ಕೊಯ್ದು, ತೋಳಿನ ಅಪಧಮನಿಯ ಮೂಲಕ ಅದನ್ನು ಹೃದಯದ ಬುಡಕ್ಕೆ ಒಯ್ಯುತ್ತಿದ್ದರು. ಎಡಕ್ಕೆ ಎಷ್ಟು, ಬಲಕ್ಕೆ ಎಷ್ಟು ಡೈ ಬಿಡಬೇಕು, ರೋಗಿಯನ್ನು ಯಾವ ಕೋನಕ್ಕೆ ತಿರುಗಿಸಿದರೆ ಯಾವ ಕವಲು ಕಾಣುತ್ತದೆ, ಹೃದಯ ನಿಧಾನವಾದರೆ ಏನು ಮಾಡಬೇಕು, ಇವನ್ನೆಲ್ಲ ಒಂದೊಂದಾಗಿ ಕಲಿಯಬೇಕಾಯಿತು. ಹೃದಯ ನಿಧಾನವಾದಾಗ ರೋಗಿಗೆ ಕೆಮ್ಮಲು ಹೇಳುವುದು ಈ ಪರೀಕ್ಷೆಯ ಒಂದು ನಿಯಮವೇ ಆಯಿತು. 1962ರಲ್ಲಿ ತಮ್ಮ ಸಹೋದ್ಯೋಗಿ ಅರ್ಲ್ ಶೈರಿ ಅವರೊಡನೆ ಸೋನ್ಸ್ ಈ ವಿಧಾನವನ್ನು ವಿವರವಾಗಿ ಪ್ರಕಟಿಸಿದರು. ಪರೀಕ್ಷೆಯಲ್ಲಿ ಅಪಾಯವೇ ಇರಲಿಲ್ಲವೆಂದಲ್ಲ. ಇಂದೂ ಅತ್ಯಲ್ಪ ಅಪಾಯ ಇದ್ದೇ ಇದೆ. ಆದರೆ ಕಾಣದೆ ಕೈಕಟ್ಟಿ ಕೂರುವ ಅಪಾಯಕ್ಕಿಂತ ಅದು ಬಹಳ ಚಿಕ್ಕದೆಂದು ಅನುಭವ ತೋರಿಸಿಕೊಟ್ಟಿತು.

ಈ ಚಿತ್ರಗಳು ವೈದ್ಯರಿಗೆ ಅನೇಕ ಹೊಸ ಸಂಗತಿಗಳನ್ನು ಕಲಿಸಿದವು. ವಿಲಿಯಂ ಪ್ರೌಡ್‌ಫಿಟ್ ಎಂಬ ವೈದ್ಯರು ಶೈರಿ ಮತ್ತು ಸೋನ್ಸ್ ಅವರೊಡನೆ ಸೇರಿ, ಒಂದು ಸಾವಿರ ರೋಗಿಗಳ ಲಕ್ಷಣಗಳನ್ನು ಅವರವರ ನಾಳಗಳ ಚಿತ್ರಗಳೊಡನೆ ಹೋಲಿಸಿ ನೋಡಿ 1966ರಲ್ಲಿ ಪ್ರಕಟಿಸಿದರು. ರೋಗಿ ಹೇಳುವ ನೋವಿಗೂ ನಾಳದ ಸ್ಥಿತಿಗೂ ಇರುವ ಸಂಬಂಧ ಮೊದಲ ಸಲ ಇಷ್ಟು ದೊಡ್ಡ ಪ್ರಮಾಣದಲ್ಲಿ ಒರೆಗೆ ಹಚ್ಚಲ್ಪಟ್ಟಿತು. ಹೃದ್ರೋಗಿಯೆಂಬ ಹಣೆಪಟ್ಟಿ ಹೊತ್ತು ಹೆದರಿ ಬದುಕುತ್ತಿದ್ದ ಕೆಲವರ ನಾಳಗಳು ಶುದ್ಧವಾಗಿದ್ದುವು. ನೋವನ್ನು ಲೆಕ್ಕಿಸದೆ ದುಡಿಯುತ್ತಿದ್ದ ಕೆಲವರ ನಾಳಗಳು ಮುಚ್ಚಿಹೋಗುವುದರಲ್ಲಿದ್ದುವು. ಊಹೆಯ ಜಾಗದಲ್ಲಿ ನೋಟ ಬಂದಾಗ ಚಿಕಿತ್ಸೆಯ ದಾರಿಯೂ ಬದಲಾಯಿತು.

ಸೋನ್ಸ್ ಅವರ ಸಂಶೋಧನೆಯ ಪ್ರಭಾವ ಎಷ್ಟು ದೂರ ಹಬ್ಬಿತು ಎಂಬುದನ್ನು ತಿಳಿಯಲು ಇಬ್ಬರ ಕಥೆ ಸಾಕು. ಮೊದಲನೆಯವರು ಕೆನಡಾದ ಮಾಂಟ್ರಿಯಲ್ ನಗರದ ಶಸ್ತ್ರಚಿಕಿತ್ಸಕ ಆರ್ಥರ್ ವೈನ್‌ಬರ್ಗ್. ಎದೆಗೂಡಿನ ಒಳಬದಿಯಲ್ಲಿರುವ ಅಪಧಮನಿಯೊಂದನ್ನು ಬಿಡಿಸಿ, ಹೃದಯದ ಮಾಂಸದೊಳಗೆ ನೆಟ್ಟರೆ ಅದು ಕವಲೊಡೆದು ಹೃದಯಕ್ಕೆ ರಕ್ತ ಕೊಡುತ್ತದೆ ಎಂದು ಅವರು 1946ರಿಂದಲೂ ಹೇಳುತ್ತಿದ್ದರು. ಅನೇಕರು ನಂಬಿರಲಿಲ್ಲ. ರೋಗಿಯ ಎದೆಯೊಳಗೆ ಆ ನಾಳ ಬದುಕಿದೆಯೋ ಸತ್ತಿದೆಯೋ ನೋಡಿದವರಾರು? 1962ರಲ್ಲಿ ವೈನ್‌ಬರ್ಗ್ ಅವರ ರೋಗಿಗಳನ್ನು ಸೋನ್ಸ್ ತಮ್ಮ ವಿಧಾನದಿಂದ ಪರೀಕ್ಷಿಸಿದರು. ವರ್ಷಗಳ ಹಿಂದೆ ನೆಟ್ಟಿದ್ದ ನಾಳ ತೆರೆದೇ ಇತ್ತು, ಅದರಿಂದ ಹೃದಯಕ್ಕೆ ರಕ್ತ ಹರಿಯುತ್ತಿತ್ತು! ಹೆಚ್ಚುಕಡಿಮೆ ಹದಿನಾರು ವರ್ಷ ಸಂದೇಹಕ್ಕೆ ಗುರಿಯಾಗಿದ್ದ ಒಬ್ಬ ವೈದ್ಯನಿಗೆ ಆ ಒಂದು ಚಿತ್ರದಿಂದ ನ್ಯಾಯ ದೊರೆಯಿತು.

ಎರಡನೆಯವರು ಅರ್ಜೆಂಟೀನಾ ದೇಶದ ರೆನೆ ಫವಲೋರೊ. ಹನ್ನೆರಡು ವರ್ಷಗಳ ಕಾಲ ಹಳ್ಳಿಗಾಡಿನಲ್ಲಿ ಬಡವರ ವೈದ್ಯನಾಗಿದ್ದ ಇವರು ಹೆಚ್ಚಿನ ವಿದ್ಯೆಯನ್ನು ಅರಸಿ 1962ರಲ್ಲಿ ಕ್ಲೀವ್‌ಲ್ಯಾಂಡಿಗೆ ಬಂದರು. ಹಗಲಿಡೀ ಶಸ್ತ್ರಚಿಕಿತ್ಸೆಯ ಕೆಲಸ ಮುಗಿಸಿ, ಸಂಜೆಯಾದೊಡನೆ ಸೋನ್ಸ್ ಅವರ ಪ್ರಯೋಗಶಾಲೆಗೆ ಹೋಗಿ ಕಿರೀಟಧಮನಿಗಳ ಸಿನಿಮಾ ಸುರುಳಿಗಳನ್ನು ಒಂದಾದ ಮೇಲೊಂದರಂತೆ ನೋಡುತ್ತಾ ಕೂರುತ್ತಿದ್ದರು. ಅನೇಕ ರೋಗಿಗಳಲ್ಲಿ ತಡೆ ಇರುವುದು ನಾಳದ ಬುಡದ ಕಡೆ, ಅದರ ಮುಂದಿನ ಭಾಗ ಚೆನ್ನಾಗಿಯೇ ಇದೆ ಎಂಬುದು ಆ ಚಿತ್ರಗಳಲ್ಲಿ ಕಂಡಿತು. ಹಾಗಿದ್ದರೆ ಕೆಟ್ಟ ಸೇತುವೆಯ ಪಕ್ಕದಲ್ಲಿ ಬದಲಿ ದಾರಿ ಮಾಡುವಂತೆ, ಕಾಲಿನ ಒಂದು ಅಭಿಧಮನಿಯನ್ನು ತೆಗೆದು, ತಡೆಯನ್ನು ಬಳಸಿಕೊಂಡು ಹೋಗುವಂತೆ ಜೋಡಿಸಬಹುದಲ್ಲವೆ? 1967ರ ಮೇ ತಿಂಗಳಲ್ಲಿ ಫವಲೋರೊ 51 ವರ್ಷದ ಒಬ್ಬ ಮಹಿಳೆಯಲ್ಲಿ ಕಾಲಿನ ನಾಳವನ್ನು ಬಳಸಿ ಈ ಚಿಕಿತ್ಸೆಗೆ ನಾಂದಿ ಹಾಡಿದರು. ಹೊಸ ನಾಳದಲ್ಲಿ ರಕ್ತ ಸರಾಗವಾಗಿ ಹರಿಯುತ್ತಿದೆಯೆಂಬುದನ್ನು ಕೆಲವು ದಿನಗಳ ಬಳಿಕ ಸೋನ್ಸ್ ಅವರ ಪರೀಕ್ಷೆಯೇ ಸಾಬೀತು ಮಾಡಿತು. ಇದೇ ನಾವಿಂದು ಬೈಪಾಸ್ ಎಂದು ಕರೆಯುವ ಶಸ್ತ್ರಚಿಕಿತ್ಸೆ. ಇವರಿಗಿಂತ ಮುಂಚೆ ಬೇರೆ ಕೆಲವರೂ ಅಲ್ಲೊಂದು ಇಲ್ಲೊಂದು ಪ್ರಯತ್ನ ಮಾಡಿದ್ದರು. ಆದರೆ ಅದನ್ನು ಕ್ರಮಬದ್ಧವಾಗಿ ನೆಲೆಗೊಳಿಸಿದ ಕೀರ್ತಿ ಕ್ಲೀವ್‌ಲ್ಯಾಂಡಿಗೆ ಸಲ್ಲುತ್ತದೆ. ದಾರಿ ಎಲ್ಲಿ ಮುಚ್ಚಿದೆ ಎಂಬ ನಕ್ಷೆ ಕೈಯಲ್ಲಿರದಿದ್ದರೆ ಬದಲಿ ದಾರಿಯನ್ನು ಕಟ್ಟುವುದೆಲ್ಲಿ? ಆ ನಕ್ಷೆಯನ್ನು ಕೊಟ್ಟವರು ಸೋನ್ಸ್. ನಮ್ಮ ದೇಶದಲ್ಲಿಯೂ 1975ರಲ್ಲಿ ಮದರಾಸಿನ ಪೆರಂಬೂರಿನ ರೈಲ್ವೆ ಆಸ್ಪತ್ರೆಯಲ್ಲಿ ಡಾ. ಕೆ. ಎಂ. ಚೆರಿಯನ್ ಅವರು ಈ ಶಸ್ತ್ರಚಿಕಿತ್ಸೆಯನ್ನು ನಡೆಸಿದರು.

ಸೋನ್ಸ್ ತೋರಿದ ದಾರಿಯಲ್ಲಿ ಇತರರು ಇನ್ನೂ ಮುಂದೆ ನಡೆದರು. 1967ರಲ್ಲಿ ಮೆಲ್ವಿನ್ ಜಡ್‌ಕಿನ್ಸ್ ಅವರು ತೊಡೆಯ ಸಂದಿನ ಅಪಧಮನಿಯಿಂದ, ಮೊದಲೇ ಬಾಗಿಸಿದ ಕೊಳವೆಗಳನ್ನು ತೂರಿಸುವ ಸುಲಭ ವಿಧಾನವನ್ನು ಪ್ರಕಟಿಸಿದರು. ಇದರಿಂದ ಹೆಚ್ಚು ವೈದ್ಯರು ಈ ಪರೀಕ್ಷೆಯನ್ನು ಕಲಿಯುವಂತಾಯಿತು. 1977ರ ಸೆಪ್ಟೆಂಬರ್ 16ರಂದು ಸ್ವಿಟ್ಸರ್ಲೆಂಡಿನ ಜೂರಿಕ್ ನಗರದಲ್ಲಿ ಆಂಡ್ರಿಯಾಸ್ ಗ್ರೂಂಟ್ಸಿಗ್ ಅವರು ಕೊಳವೆಯ ತುದಿಯಲ್ಲಿ ಪುಟ್ಟ ಬಲೂನನ್ನು ಕಟ್ಟಿ, ತಡೆಯಿದ್ದ ಜಾಗದಲ್ಲಿ ಉಬ್ಬಿಸಿ, ಎದೆ ಕೊಯ್ಯದೆಯೇ ನಾಳವನ್ನು ಅಗಲಿಸಿದರು. 1986ರಿಂದ ಅದೇ ಜಾಗದಲ್ಲಿ ಲೋಹದ ಬಲೆಯಂತಹ ಸ್ಟೆಂಟನ್ನು ಇರಿಸುವುದೂ ಆರಂಭವಾಯಿತು. 1989ರಲ್ಲಿ ಮಾಂಟ್ರಿಯಲ್ಲಿನ ಲೂಸಿಯೆನ್ ಕಾಂಪೋ ಅವರು ಮಣಿಕಟ್ಟಿನ ನಾಳದಿಂದ ಪರೀಕ್ಷೆ ನಡೆಸಿದ ನೂರು ಮಂದಿಯ ಅನುಭವವನ್ನು ಪ್ರಕಟಿಸಿದರು. ಸೋನ್ಸ್ ಅವರು ತೋಳಿನಿಂದ ಆರಂಭಿಸಿದ್ದು ತೊಡೆಗೆ ಇಳಿದು, ಈಗ ಪುನಃ ಕೈಗೇ ಬಂದಿದೆ. ಕೊಳವೆಯೇ ಇಲ್ಲದೆ ಸಿ.ಟಿ. ಯಂತ್ರದಿಂದಲೂ ಈಗ ಕಿರೀಟಧಮನಿಗಳನ್ನು ನೋಡಬಹುದು. ಆದರೂ ತಡೆಯನ್ನು ಕೊಳವೆಯಿಂದ ಬಿಡಿಸಬೇಕಾದಾಗ ಸೋನ್ಸ್ ತೆರೆದ ಬಾಗಿಲಿನಿಂದಲೇ ಒಳಹೋಗಬೇಕು.

ಇಷ್ಟೆಲ್ಲ ಮಾಡಿದ ಸೋನ್ಸ್ ಅವರು ಸೌಮ್ಯ ಸ್ವಭಾವದ ಸಾಧು ಪುರುಷರೆಂದು ನೀವು ಊಹಿಸಿದರೆ ಅದು ಸರಿಯಲ್ಲ. ಅವರು ಮುಂಗೋಪಿ. ಮಾತು ಒರಟು. ತಪ್ಪು ಕಂಡರೆ ದೊಡ್ಡವರು ಚಿಕ್ಕವರೆನ್ನದೆ ಗದರುತ್ತಿದ್ದರು. ರಾತ್ರಿ ಬಹಳ ಹೊತ್ತಿನವರೆಗೆ ದುಡಿಯುತ್ತಿದ್ದರು, ಜೊತೆಯವರನ್ನೂ ದುಡಿಸುತ್ತಿದ್ದರು. ಇಷ್ಟಾದರೂ ತಮಗೆ ತಿಳಿದುದನ್ನು ಅವರು ಎಂದೂ ಬಚ್ಚಿಟ್ಟವರಲ್ಲ. ಕಲಿಯಬೇಕೆಂದು ಬಂದವರಿಗೆ ಅವರ ಪ್ರಯೋಗಶಾಲೆಯ ಬಾಗಿಲು ತೆರೆದಿತ್ತು. ದೇಶದೇಶಗಳಿಂದ ಬಂದ ತರುಣ ವೈದ್ಯರು ಅಲ್ಲಿ ನಿಂತು ನೋಡಿ, ಕೈಯಾರೆ ಕಲಿತು, ತಮ್ಮ ತಮ್ಮ ನಾಡುಗಳಿಗೆ ಆ ವಿದ್ಯೆಯನ್ನು ಒಯ್ದರು. ಲೇಖನ ಬರೆಯುವುದರಲ್ಲಿ ಸೋನ್ಸ್ ಅವರಿಗೆ ಅಷ್ಟು ಆಸಕ್ತಿ ಇರಲಿಲ್ಲ. ಅವರಷ್ಟು ಪ್ರಸಿದ್ಧರಾದ ಇತರ ಸಂಶೋಧಕರಿಗೆ ಹೋಲಿಸಿದರೆ ಅವರು ಬರೆದ ಪ್ರಬಂಧಗಳು ಕಡಿಮೆಯೇ. ಆದರೆ ಒಬ್ಬನ ಸಂಶೋಧನೆಯ ಬೆಲೆಯನ್ನು ಕಾಗದದ ಲೆಕ್ಕದಿಂದ ಅಳೆಯಲಾಗದು ಎಂಬುದಕ್ಕೆ ಅವರಿಗಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ. 1978ರಲ್ಲಿ ಜಡ್‌ಕಿನ್ಸ್ ಮೊದಲಾದವರೊಡನೆ ಸೇರಿ ಈ ಪರೀಕ್ಷೆಯನ್ನು ನಡೆಸುವ ವೈದ್ಯರ ಸಂಘವೊಂದನ್ನು ಕಟ್ಟಿ, ಅದರ ಮೊದಲ ಅಧ್ಯಕ್ಷರಾದರು. ಪರೀಕ್ಷೆಯ ಗುಣಮಟ್ಟ ಎಲ್ಲೆಡೆ ಒಂದೇ ಆಗಿರಬೇಕೆಂಬುದು ಅವರ ಆಸೆ. 1983ರಲ್ಲಿ ಅಮೆರಿಕದ ಪ್ರತಿಷ್ಠಿತ ಲಾಸ್ಕರ್ ಪ್ರಶಸ್ತಿ ಅವರಿಗೆ ದೊರೆಯಿತು.

ಅವರ ಬಾಳಿನಲ್ಲಿ ನೋವಿನ ಸಂಗತಿಯೊಂದಿದೆ. ಅದನ್ನು ಮರೆಮಾಚಿದರೆ ಈ ಲೇಖನ ಅಪೂರ್ಣವಾಗುತ್ತದೆ. ಸೋನ್ಸ್ ಅವರಿಗೆ ಸಿಗರೇಟಿನ ಚಟ ವಿಪರೀತವಾಗಿತ್ತು. ಪರೀಕ್ಷೆ ನಡೆಸುವಾಗಲೂ ಅವರಿಗೆ ಅದು ಬೇಕಾಗಿತ್ತು. ಶುದ್ಧಗೊಳಿಸಿದ ಕೈಗವಸು ಮಲಿನವಾಗಬಾರದೆಂದು ಇಕ್ಕುಳದಲ್ಲಿ ಸಿಗರೇಟನ್ನು ಹಿಡಿದು ಸೇದುತ್ತಿದ್ದರು. ಧೂಮಪಾನದಿಂದ ಶ್ವಾಸಕೋಶದ ಕ್ಯಾನ್ಸರ್ ಬರುತ್ತದೆಂದು ಅಮೆರಿಕದ ಸರಕಾರವೇ 1964ರಲ್ಲಿ ವರದಿ ಪ್ರಕಟಿಸಿತ್ತು. ಕಿರೀಟಧಮನಿಗಳನ್ನು ಕೆಡಿಸುವುದರಲ್ಲೂ ಹೊಗೆಸೊಪ್ಪಿನ ಪಾಲು ದೊಡ್ಡದು. ಹೊಗೆ ಸೇದುವವರ ಕೆಟ್ಟ ನಾಳಗಳನ್ನು ದಿನವೂ ಪರದೆಯ ಮೇಲೆ ಕಾಣುತ್ತಿದ್ದ ಆ ಮಹಾವೈದ್ಯರಿಗೆ ತಮ್ಮ ಚಟ ಕಾಣಲಿಲ್ಲ ಎಂದಲ್ಲ. ಕಂಡರೂ ಅದರ ಹಿಡಿತ ಅಷ್ಟು ಬಲವಾಗಿತ್ತು. 1985ರ ಆಗಸ್ಟ್ 28ರಂದು ಶ್ವಾಸಕೋಶದ ಕ್ಯಾನ್ಸರಿನಿಂದ ಅವರು ತೀರಿಕೊಂಡರು. ಆಗ ಅವರಿಗೆ 66 ವರ್ಷ. ಜಡ್‌ಕಿನ್ಸ್ ಅದೇ ವರ್ಷದ ಜನವರಿಯಲ್ಲಿ ತೀರಿಕೊಂಡಿದ್ದರು. ಗ್ರೂಂಟ್ಸಿಗ್ ಅದೇ ವರ್ಷದ ಅಕ್ಟೋಬರಿನಲ್ಲಿ ವಿಮಾನ ಅಪಘಾತದಲ್ಲಿ ಮಡಿದರು. ಹೀಗೆ ಒಂದೇ ವರ್ಷದಲ್ಲಿ ಹೃದಯವಿಜ್ಞಾನವು ತನ್ನ ಮೂವರು ಮಾರ್ಗದರ್ಶಕರನ್ನು ಕಳೆದುಕೊಂಡಿತು.

ಈ ಚರಿತ್ರೆಯಿಂದ ನಾವು ಕಲಿಯಬೇಕಾದುದು ಏನು? ತಪ್ಪು ಯಾರಿಂದಲೂ ಆಗಬಹುದು. ಲೆಕ್ಕ ತಪ್ಪಿದ ಹುಡುಗ ಆ ಪುಟವನ್ನು ಹರಿದು ಎಸೆಯುವುದನ್ನು ಅಧ್ಯಾಪಕನಾದ ನಾನು ಎಷ್ಟೋ ಸಲ ಕಂಡಿದ್ದೇನೆ. ಹರಿದ ಪುಟದಿಂದ ಯಾರೂ ಏನನ್ನೂ ಕಲಿಯಲಾರರು. ಎಲ್ಲಿ ತಪ್ಪಿತು, ಅದರಿಂದ ಏನು ತಿಳಿಯಿತು ಎಂದು ತಾಳ್ಮೆಯಿಂದ ನೋಡಿದವನಿಗೆ ಮಾತ್ರ ತಪ್ಪು ಗುರುವಾಗುತ್ತದೆ. ಎಲ್ಲರೂ ಅಸಾಧ್ಯವೆಂದು ಹೇಳುವ ಮಾತನ್ನೂ ಕಣ್ಣಿಗೆ ಕಂಡ ಸತ್ಯದೊಡನೆ ಹೋಲಿಸಿ ನೋಡುವ ಧೈರ್ಯ ಇರಬೇಕು.

ಮಕ್ಕಳ ತಂದೆತಾಯಿಗಳಲ್ಲಿ ಎರಡು ಮಾತಿನ ವಿನಂತಿ. ಏರು ಹತ್ತುವಾಗ, ಹೊರೆ ಹೊರುವಾಗ ಎದೆ ಹಿಂಡಿದಂತಾದರೆ, ನೋವು ಕೈಗೋ ದವಡೆಗೋ ಹರಿದರೆ, ಅದು ಬರೀ ವಾಯು ಎಂದು ಶುಂಠಿ ಕಷಾಯ ಕುಡಿದು ಮಲಗಬೇಡಿರಿ. ಪರೀಕ್ಷೆಗೆ ಹೆದರಿ ದಿನ ದೂಡಬೇಡಿರಿ. ನೋವು ಬಿಡದೆ ನಿಂತರೆ ತಡಮಾಡದೆ ಆಸ್ಪತ್ರೆಗೆ ಹೋಗಿರಿ. ಹೃದಯದೊಳಗೆ ಏನಿದೆ ಎಂದು ನೋಡುವ ವಿದ್ಯೆ ಈಗ ನಮ್ಮ ಕೈಗೆಟಕುವ ದೂರದಲ್ಲೇ ಇದೆ. ಎರಡನೆಯದಾಗಿ, ಬೀಡಿ ಸಿಗರೇಟುಗಳನ್ನೂ ಹೊಗೆಸೊಪ್ಪನ್ನೂ ಬಿಟ್ಟುಬಿಡಿರಿ. ವಿದ್ಯಾರ್ಥಿಗಳಂತೂ ಅವುಗಳ ಹತ್ತಿರವೂ ಸುಳಿಯಬಾರದು. ಲಕ್ಷಾಂತರ ಜನರ ಹೃದಯವನ್ನು ಉಳಿಸಲು ನೆರವಾದ ಸೋನ್ಸ್ ಅವರು ತಮ್ಮ ಪ್ರಾಣವನ್ನು ಉಳಿಸಿಕೊಳ್ಳಲಾಗಲಿಲ್ಲ. ಅವರ ಕೈಚಳಕದಿಂದ ಒಂದು ಪಾಠ, ಅವರ ಸಾವಿನಿಂದ ಇನ್ನೊಂದು ಪಾಠ. ಎರಡನ್ನೂ ಕಲಿತರೆ ಆ ವೈದ್ಯನಿಗೆ ನಾವು ಸಲ್ಲಿಸಬೇಕಾದ ಋಣ ಸ್ವಲ್ಪವಾದರೂ ತೀರಿದಂತಾಗುತ್ತದೆ.